ಹೆಗಲ ಮೇಲಿನ ಬಾಗಿಲು

ನಮ್ಮೂರಿನಲ್ಲಿ ಮನೆಗೊಂದೇ ಬಾಗಿಲು. ಆ ಬಾಗಿಲು ದೊಡ್ಡಪೇಟೆಯ ಕಡೆಗೆ ಮುಖ ಮಾಡಿರಬೇಕು. ಹಿಂಬಾಗಿಲು ಇಡುವ ಹಾಗಿಲ್ಲ, ಪಕ್ಕದ ಬಾಗಿಲು ಇಡುವ ಹಾಗಿಲ್ಲ, ಗೋಡೆಯಲ್ಲಿ ಬೆರಳು ತೂರುವಷ್ಟು ಕಿಂಡಿಯನ್ನೂ ಬಿಡುವ ಹಾಗಿಲ್ಲ. ಇದು ಯಾರು ಮಾಡಿದ ನಿಯಮ ಎಂದು ಕೇಳಿದವರಿಗೆ ಚಾವಡಿಯ ನೆತ್ತಿಯ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ ಮಾತನ್ನು ತೋರಿಸುತ್ತೇವೆ: ಹಿತ್ತಲ ಗಿಡ ಮದ್ದಲ್ಲ. ಬೇರೆ ಊರುಗಳಲ್ಲಿ ಇದನ್ನು ಬೇಸರಕ್ಕೆ ಹೇಳಿಕೊಳ್ಳುತ್ತಾರಂತೆ. ನಮ್ಮೂರಿನಲ್ಲಿ ಇದು ಶಾಸನ.

ನಾನು ಡಂಗುರದವನು. ಹೇಳಿಕೊಟ್ಟದ್ದನ್ನು ಸಾರುವುದು ನನ್ನ ಕೆಲಸ, ನಂಬುವುದು ಊರಿನವರ ಕೆಲಸ. ಇಬ್ಬರೂ ನಮ್ಮ ನಮ್ಮ ಕೆಲಸ ಚೆನ್ನಾಗಿ ಮಾಡಿಕೊಂಡು ಬಂದಿದ್ದೇವೆ.

ದೊಡ್ಡಪೇಟೆ ಮೂಡಣಕ್ಕಿತ್ತು. ಆದ್ದರಿಂದ ಎಲ್ಲರ ಬಾಗಿಲೂ ಮೂಡಣಕ್ಕೆ. ಮನೆಗಳು ಒಂದರ ಹಿಂದೆ ಒಂದು ನಿಂತಿದ್ದರಿಂದ ಪ್ರತಿಯೊಬ್ಬನ ಬಾಗಿಲಿಗೂ ಮುಂದಿನವನ ಬೆನ್ನುಗೋಡೆಯೇ ಎದುರು. ನಾವು ನೆರೆಯವರನ್ನು ಮುಖದಿಂದ ಗುರುತಿಸುವವರಲ್ಲ, ಗೋಡೆಯಿಂದ ಗುರುತಿಸುವವರು. ಗಾಣಿಗನ ಗೋಡೆ ಜಿಡ್ಡು, ಕುಂಬಾರನದು ಮಸಿ, ಬಣ್ಣಗಾರ್ತಿಯದು ನೀಲಿ. ಗಾಣಿಗನ ಎಣ್ಣೆ ಬೇಕಾದರೆ ಗಾಣಿಗನ ಮನೆಗೆ ಹೋಗುವಂತಿರಲಿಲ್ಲ. ಅದನ್ನು ಹಿತ್ತಿಲ ವ್ಯಾಪಾರ ಎನ್ನುತ್ತಿದ್ದೆವು. ಹಿತ್ತಿಲ ವ್ಯಾಪಾರ ಮಾಡಿದ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಅವನ ಎಣ್ಣೆ ಗಾಡಿ ಹತ್ತಿ ಮೂಡಣಪೇಟೆಗೆ ಹೋಗಬೇಕು, ಅಲ್ಲಿ ನವಿಲಿನ ಚಿತ್ರದ ಡಬ್ಬಿ ಸೇರಬೇಕು, ಮತ್ತೆ ಗಾಡಿ ಹತ್ತಿ ನಮ್ಮೂರಿಗೆ ಬರಬೇಕು. ಆಗ ಅದನ್ನು ಕೊಂಡು, ಒಗ್ಗರಣೆ ಹಾಕಿ, ಮೂಗರಳಿಸಿ, ‘ಪೇಟೆ ಎಣ್ಣೆಯ ಘಮಲೇ ಘಮಲು’ ಎನ್ನುತ್ತಿದ್ದೆವು. ಗಾಣಿಗನೂ ಅದನ್ನೇ ಕೊಳ್ಳುತ್ತಿದ್ದ, ಅವನೂ ಹಾಗೇ ಎನ್ನುತ್ತಿದ್ದ.

ಪೇಟೆಗಳು ಒಂದೇ ಕಡೆ ದೊಡ್ಡದಾಗಿ ಉಳಿಯುವುದಿಲ್ಲ. ನನ್ನ ಅಜ್ಜನ ಕಾಲದಲ್ಲಿ ಬಡಗಣಪೇಟೆ ದೊಡ್ಡದಾಗಿತ್ತಂತೆ. ಅದು ಕುಗ್ಗಿ ಮೂಡಣಪೇಟೆ ಹಿಗ್ಗಿದಾಗ ಊರು ಬಾಗಿಲು ತಿರುಗಿಸಿತು. ತಿರುಗಿಸುವುದಕ್ಕೂ ಒಂದು ವಿಧಿ ಉಂಟು. ಮೊದಲು ಹೊಸ ದಿಕ್ಕಿನ ಗೋಡೆಯನ್ನು ಒಡೆಯಬೇಕು. ಹಳೆಯ ಗೋಡೆಯಿಂದ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು, ಅರಿಸಿನ ಬಳಿದು, ಹೆಗಲ ಮೇಲೆ ಹೊತ್ತು, ಮನೆಯ ಸುತ್ತ ಪ್ರದಕ್ಷಿಣೆ ಬರಬೇಕು. ಡಂಗುರ ಕೇಳಿದ ಮೇಲೆ ಅದನ್ನು ಹೊಸ ಗೋಡೆಗೆ ಕೂರಿಸಿ ಹಳೆಯ ತೂತನ್ನು ಮಣ್ಣಿನಿಂದ ಮುಚ್ಚಬೇಕು. ಇಷ್ಟು ಹೊತ್ತೂ ತಲೆಯ ಮೇಲೆ ಬಟ್ಟೆ ಎಳೆದುಕೊಂಡಿರಬೇಕು. ಏಕೆಂದರೆ ಆ ಹೊತ್ತಿನಲ್ಲಿ ಎಲ್ಲರ ಮನೆಗೂ ಎರಡೆರಡು ತೂತು. ನೆರೆಯವರ ಮುಖ ಕಂಡುಬಿಡುವ ಅಪಾಯವಿರುತ್ತದೆ.

ಎಷ್ಟು ಬಾಗಿಲು ತಿರುಗಿದವು ಎಂಬುದೇ ನಮ್ಮೂರಿನ ಬೆಳವಣಿಗೆಯ ಲೆಕ್ಕ. ಯಾರ ಹೊಟ್ಟೆಗೆ ಎಷ್ಟು ಹೋಯಿತು ಎಂಬುದಕ್ಕೆ ನನ್ನ ಡಂಗುರದಲ್ಲಿ ಬಡಿತವೇ ಇಲ್ಲ.

ಒಂದು ಬೆಳಿಗ್ಗೆ ದಿಕ್ಕುಗಾರ ಬುರುಜಿನಿಂದ ಓಡೋಡಿ ಇಳಿದ. ಬುರುಜಿನ ತುದಿಯಲ್ಲಿ ಕೂತು, ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಗಾಳಿಗೆ ಹಿಡಿದು, ಯಾವ ಪೇಟೆ ದೊಡ್ಡದು ಎಂದು ಹೇಳುವವನೇ ದಿಕ್ಕುಗಾರ. ಆ ಬೆರಳಿಗೆ ಊರಿನ ಖರ್ಚಿನಲ್ಲಿ ಬೆಳ್ಳಿಯ ಉಂಗುರ ಮಾಡಿಸಿಕೊಟ್ಟಿದ್ದೇವೆ.

“ಯಜಮಾನರೇ, ಮೂಡಣಪೇಟೆಗೂ ಪಡುವಣಪೇಟೆಗೂ ಜಗಳ ಬಿದ್ದುಹೋಗಿದೆ!” ಎಂದ.

ಊರ ಯಜಮಾನ ಎಲೆಯಡಿಕೆ ಉಗಿದು ಎದ್ದು ನಿಂತ. “ಯಾಕಂತೆ?”

“ಯಾವುದೋ ಔತಣದಲ್ಲಿ ಎತ್ತರದ ಕುರ್ಚಿ ಒಂದೇ ಇತ್ತಂತೆ. ಎರಡೂ ಪೇಟೆಯ ಯಜಮಾನರು ಅದರಲ್ಲೇ ಕೂತರಂತೆ.”

ಪಡುವಣಪೇಟೆಯ ದೂತ ಬಂದದ್ದು ಅದರ ಬೆನ್ನಿಗೇ. ಅವನಿಗೆ ಹಾರ ಹಾಕಿದೆವು, ಕಾಲಿಗೆ ನೀರು ಕೊಟ್ಟೆವು, ಕೊಟ್ಟ ನೀರನ್ನು ಅವನು ಕುಡಿದದ್ದಕ್ಕೂ ಚಪ್ಪಾಳೆ ತಟ್ಟಿದೆವು. ಅವನು ಬೀದಿಯಲ್ಲಿ ನಡೆದು ಬರುತ್ತಾ ಬಣ್ಣಗಾರ್ತಿಯ ಗೋಡೆಯ ಮುಂದೆ ನಿಂತ. ತಲೆತಲಾಂತರದಿಂದ ಆ ಪಡುವಣ ಗೋಡೆಗೆ ಒಳಗಿನಿಂದ ನೀಲಿ ಇಳಿದು ಇಳಿದು, ಮುಂಜಾನೆಯ ಆಕಾಶದ ಬಣ್ಣ ಹೊರಗೂ ಮೂಡಿತ್ತು.

“ಈ ನೀಲಿ ಇರುವ ಬಟ್ಟೆ ಎಷ್ಟಿದ್ದರೂ ನಮಗೇ ಬೇಕು. ಆದರೆ ನಮ್ಮ ಶತ್ರುವಿಗೆ ಮುಖ ತೋರಿಸುವ ಮನೆಯಿಂದ ನಾವು ಒಂದು ನೂಲೂ ಕೊಳ್ಳುವುದಿಲ್ಲ. ಇತ್ತ ತಿರುಗಿ, ಸ್ನೇಹಿತರಾಗಿ” ಎಂದ ದೂತ.

ಯಜಮಾನ ಚಾವಡಿಯ ಕಟ್ಟೆ ಹತ್ತಿದ. “ಕೇಳ್ರಪ್ಪಾ! ಇಬ್ಬರ ಜಗಳ ಮೂರನೆಯವನಿಗೆ ಲಾಭ. ಆ ಮೂರನೆಯವನು ಯಾರು? ನಾವು! ಗಾಳಿ ಬಂದಾಗ ತೂರಿಕೊಳ್ಳದವನು ಹೊಟ್ಟನ್ನೇ ತಿನ್ನಬೇಕು. ತೂರಿಕೊಳ್ಳೋಣ!”

ಜನ ಹೋ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಮಾತೂ ನಮ್ಮೂರಿನಲ್ಲಿ ಇದೆ. ಆದರೆ ಅದನ್ನು ಚಾವಡಿಯ ಮೇಲೆ ಕೆತ್ತಿಸಿಲ್ಲವಲ್ಲ, ಯಾರಿಗೂ ನೆನಪಾಗಲಿಲ್ಲ.

ಎಲ್ಲರಿಗಿಂತ ಜೋರಾಗಿ ಹೋ ಎಂದವಳು ಬಣ್ಣಗಾರ್ತಿ. ಅವಳೇನು ಸಾಧುವಲ್ಲ. ಒಳ್ಳೆಯ ಬಾಯಿ, ಒಳ್ಳೆಯ ಆಸೆ. ತನ್ನ ನೀಲಿಯನ್ನು ಪರವೂರಿನವನು ಹೊಗಳಿದನೆಂದು ಸೆರಗು ಸೊಂಟಕ್ಕೆ ಬಿಗಿದು ಬೀದಿಯುದ್ದ ಓಡಾಡಿದಳು. ಸಿಕ್ಕ ಗೋಡೆಗಳಿಗೆಲ್ಲ, “ಕೇಳಿಸ್ತೇನ್ರೋ? ನನ್ನ ನೀಲಿಯಂತೆ!” ಎಂದು ಕೂಗಿ ಹೇಳಿದಳು. ಆಮೇಲೆ ಮನೆಯೊಳಗೆ ಹೋದಳು. ಹೋದವಳು ಹಾಗೇ ನಿಂತಳು.

ಅವಳ ಬಾನಿ ಇದ್ದದ್ದು ಪಡುವಣ ಗೋಡೆಗೆ ಒರಗಿ.

ಬಾನಿ ಎಂದರೆ ಬಣ್ಣ ಹಾಕುವ ದೊಡ್ಡ ಮಣ್ಣಿನ ಹರವಿ. ಕುತ್ತಿಗೆಯವರೆಗೂ ನೆಲದಲ್ಲಿ ಹೂತಿರುತ್ತದೆ. ನೀಲಿಯ ಬಾನಿ ಸುಮ್ಮನೆ ಕಲಸಿಟ್ಟ ಬಣ್ಣದ ನೀರಲ್ಲ, ಅದು ಹುದುಗು, ಜೀವ ಇರುವಂಥದ್ದು. ಸುಣ್ಣ ಹಾಕಬೇಕು, ತಗಚೆ ಬೀಜ ಬೇಯಿಸಿ ಹಾಕಬೇಕು, ಹೊಟ್ಟಿನ ಕಾವು ಕೊಡಬೇಕು, ಮೇಲೆ ಚಾಪೆ ಮುಚ್ಚಬೇಕು. ಅದಕ್ಕೆ ಗಾಳಿ ಬಡಿಯಕೂಡದು. ತಣ್ಣನೆಯ ಗಾಳಿ ಒಮ್ಮೆ ಮೈಮೇಲೆ ಹಾದರೆ ಮೇಲಿನ ತಾಮ್ರದ ಬಣ್ಣದ ನೊರೆ ಇಳಿದು, ನೀರು ಕಪ್ಪಾಗಿ, ಬಾನಿ ಸತ್ತುಹೋಗುತ್ತದೆ. ಆ ಬಾನಿಯನ್ನು ಅವಳ ಅಜ್ಜಿಯ ಅಜ್ಜಿ ಹೂಡಿದ್ದು. ಮೊದಲಿನ ತಿರುವಿನಲ್ಲಿ ಒಡೆದದ್ದು ಮೂಡಣ ಗೋಡೆಯಾದ್ದರಿಂದ ಉಳಿದುಕೊಂಡಿತ್ತು. ಈಗ ಒಡೆಯಬೇಕಾದದ್ದು ಅದು ಒರಗಿದ ಗೋಡೆಯನ್ನೇ.

ನೀಲಿ ಮಾರಬೇಕಾದರೆ ನೀಲಿಯನ್ನು ಕೊಲ್ಲಬೇಕು. ಆದರೂ ಅವಳು ಚಾವಡಿಗೆ ಹೋದಳು. ನಾನೂ ಅಲ್ಲಿದ್ದೆ.

“ಯಜಮಾನರೇ, ನನ್ನ ಮನೆಯೊಂದನ್ನು ಬಿಟ್ಟುಬಿಡಿ. ಬಟ್ಟೇನ ನಾನೇ ಹೊತ್ತು ತಂದು ಪಡುವಣದ ದಾರೀಲಿ ನಿಲ್ತೀನಿ.”

“ಏನವ್ವಾ ನೀನು? ಊರಿಗೆ ಊರೇ ಮುಖ ತೋರಿಸುವಾಗ ನಿನ್ನ ಮನೆ ಬೆನ್ನು ತೋರಿಸಿದರೆ ದೂತರು ಏನಂದುಕೊಳ್ಳಬೇಕು?”

“ಅವರಿಗೆ ಬೇಕಾದದ್ದು ನನ್ನ ನೀಲಿ. ಬಾಗಿಲು ಕಟ್ಟಿಕೊಂಡು ಏನು ಮಾಡ್ತಾರೆ?”

“ಬಾಗಿಲು ಮರ್ಯಾದೆ ಕಣವ್ವಾ. ನೀಲಿ ಬರೀ ಸರಕು. ಮರ್ಯಾದೆ ಇದ್ದರೆ ಸರಕು ತಾನಾಗಿ ಬರುತ್ತೆ.”

“ಬಾನಿ ಸತ್ತರೆ ನನ್ನ ಮನೇಲಿ ಇನ್ನೇನಿದೆ ಸ್ವಾಮಿ?”

“ಬಾಗಿಲಿರುತ್ತಲ್ಲ!” ಎಂದ ಯಜಮಾನ. ಅವನು ತಮಾಷೆಗೆ ಹೇಳಲಿಲ್ಲ. ಆ ಮನುಷ್ಯನಿಗೆ ತಮಾಷೆ ಮಾಡುವಷ್ಟು ಬುದ್ಧಿ ಎಂದೂ ಇರಲಿಲ್ಲ.

ತಿರುವಿನ ದಿನ ಬಂತು. ನಾನು ಮೊದಲ ಡಂಗುರ ಹೊಡೆದೆ. ಗಾರೆಯವರು ಹಾರೆ ಎತ್ತಿದರು. ಊರಿನ ಪಡುವಣ ಗೋಡೆಗಳೆಲ್ಲ ಒಟ್ಟಿಗೆ ಒಡೆದವು, ಮೂಡಣ ಗೋಡೆಗಳ ಬಾಗಿಲುಗಳೆಲ್ಲ ಒಟ್ಟಿಗೆ ಕಿತ್ತುಬಂದವು. ಬಣ್ಣಗಾರ್ತಿಯ ಗೋಡೆಯನ್ನು ಒಡೆದಾಗ ಬಿದ್ದ ಇಟ್ಟಿಗೆ ಒಳಗೂ ನೀಲಿ, ಹೊರಗೂ ನೀಲಿ. ಜನ ತಲೆಯ ಮೇಲೆ ಬಟ್ಟೆ ಎಳೆದುಕೊಂಡು, ಚೌಕಟ್ಟು ಹೊತ್ತು, ಮನೆ ಸುತ್ತತೊಡಗಿದರು. ಬುರುಜಿನ ಮೇಲಿಂದ ನೋಡಿದರೆ ಊರೇ ಚೌಕಟ್ಟುಗಳನ್ನು ಹೊತ್ತು ಗಿರಿಗಿರಿ ತಿರುಗುತ್ತಿತ್ತು. ಎಲ್ಲರ ತೂತುಗಳೂ ಒಂದೇ ಗೆರೆಗೆ ಬಂದು, ಪಡುವಣದ ಗಾಳಿ ಊರಿನ ಆ ತುದಿಯಿಂದ ಈ ತುದಿಗೆ ಮನೆಮನೆಯೊಳಗಿಂದ ಸುಯ್ಯೆಂದು ಹಾಯುತ್ತಿತ್ತು.

ಎರಡನೆಯ ಡಂಗುರಕ್ಕೆ ಕೋಲು ಎತ್ತಿದ್ದೆ. ಅಷ್ಟರಲ್ಲಿ ಕುದುರೆ ಸವಾರನೊಬ್ಬ ಬಂದು ದಿಕ್ಕುಗಾರನ ಕಿವಿಯಲ್ಲಿ ಏನೋ ಊದಿದ. ದಿಕ್ಕುಗಾರನ ಮುಖ ಸುಣ್ಣವಾಯಿತು.

“ರಾಜಿಯಾಗಿಬಿಟ್ಟಿದ್ದಾರಂತೆ. ಎರಡು ಎತ್ತರದ ಕುರ್ಚಿ ಮಾಡಿಸಿದರಂತೆ. ಪಡುವಣದವರು ತಮಗೆ ಬೇಕಾದ್ದನ್ನೆಲ್ಲ ಮೂಡಣದವರಿಂದಲೇ ಕೊಳ್ತಾರಂತೆ.”

“ಹಾಗಾದರೆ ನಾವು?” ಎಂದ ಯಜಮಾನ.

“ನಮ್ಮ ವಿಷಯ ಮಾತಿಗೇ ಬರಲಿಲ್ಲವಂತೆ.”

ಯಜಮಾನ ಬಹಳ ಹೊತ್ತು ಯೋಚಿಸಿದ. ಕೊನೆಗೆ, “ತಡೆಯಿರಿ ಅಂತ ಸಾರು” ಎಂದ. ಸಾರಿದೆ. ಜನ ತಡೆದರು. ಚೌಕಟ್ಟು ಹೆಗಲ ಮೇಲೇ ಇತ್ತು. ಇಳಿಸಿ ಎಂದು ನಾನು ಸಾರಿರಲಿಲ್ಲ, ಅವರು ಇಳಿಸಲಿಲ್ಲ. ಚೌಕಟ್ಟು ಹೊತ್ತೇ ಉಂಡರು, ಹೊತ್ತೇ ಗೋಡೆಗೊರಗಿ ನಿದ್ದೆ ಮಾಡಿದರು. ಮೂಡಣಪೇಟೆಯ ಗಾಡಿಗಳು ನಮ್ಮ ಬೆನ್ನು ಕಂಡು ಮುನಿಸಿಕೊಂಡು ಬರಲಿಲ್ಲ. ಪಡುವಣಪೇಟೆಯ ಗಾಡಿಗಳು ಬರುವ ಕಾರಣವೇ ಇರಲಿಲ್ಲ.

ಇತ್ತ ಬಣ್ಣಗಾರ್ತಿ ಹೊಸ ತೂತಿನಲ್ಲಿ ಎರಡೂ ಕೈ ಚಾಚಿ ನಿಂತಿದ್ದಳು. ಬಾನಿಗೆ ಬಡಿಯುವ ಗಾಳಿಯನ್ನು ತನ್ನ ಮೈಯಿಂದ ತಡೆಯುತ್ತಿದ್ದಳು. ಅವಳ ಹಿಂದಿನ ಮನೆ ನೇಕಾರನದು. ಅವನು ಹುಟ್ಟಿದಾಗಿನಿಂದ ತನ್ನ ಬಾಗಿಲಲ್ಲಿ ಕೂತು ಅವಳ ನೀಲಿ ಗೋಡೆಯನ್ನೇ ನೋಡಿಕೊಂಡು ಬೆಳೆದವನು. ಅವಳು ಅವನ ಮಗ್ಗದ ಸದ್ದನ್ನು ಗೋಡೆಯಾಚೆಯಿಂದ ಕೇಳಿಕೊಂಡು ಬಾಳಿದವಳು. ಅವನ ಬಿಳಿ ಬಟ್ಟೆ ಪೇಟೆಗೆ ಹೋಗಿ, ಹತ್ತು ಕೈ ದಾಟಿ, ಅವಳ ಮನೆಗೆ ನೀಲಿಯಾಗಲು ಬರುತ್ತಿತ್ತು. ಅದನ್ನು ನೇಯ್ದವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ಬಣ್ಣ ಹಾಕುವವಳು ಯಾರೆಂದು ಅವನಿಗೆ. ಈಗ ಅವನ ಬಾಗಿಲು ಕಿತ್ತ ತೂತಿಗೆ ಅವಳ ಗೋಡೆ ಒಡೆದ ತೂತು ಎದುರಾಗಿತ್ತು. ತಲೆಯ ಮೇಲಿನ ಬಟ್ಟೆಯ ಸಂದಿಯಿಂದ ಅವನು ನೋಡಿದ.

“ಅಕ್ಕಾ, ಯಾಕೆ ಹಾಗೆ ಶಿಲುಬೆ ಥರ ನಿಂತಿದ್ದೀಯ?”

“ನೋಡಬೇಡ ಕಣೋ. ದೂರು ಬಂದೀತು.”

“ನೋಡಿದ್ದಾಯ್ತಲ್ಲ.”

“ನೋಡಿದವನು ಸುಮ್ಮನೆ ನಿಲ್ಲಬೇಡ ಹಾಗಾದರೆ. ನನ್ನ ಬಾನಿ ಸಾಯ್ತಾ ಇದೆ. ಗಾಳಿಗೆ ಅಡ್ಡ ಏನಾದರೂ ತಾ.”

ನೇಕಾರ ಚೌಕಟ್ಟನ್ನು ಕೆಳಗಿಟ್ಟ. ನಮ್ಮೂರಿನಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ಮಗ್ಗದಿಂದ ಒಂದು ಥಾನು ಬಿಳಿ ಬಟ್ಟೆ ತಂದು, ಮಡಿಕೆ ಮೇಲೆ ಮಡಿಕೆ ಹಾಕಿ, ಅವಳ ತೂತಿಗೆ ಬಿಗಿಯಾಗಿ ಕಟ್ಟಿದ. ಗಾಳಿ ನಿಂತಿತು. ಬಣ್ಣಗಾರ್ತಿ ಬಾನಿಯ ಚಾಪೆ ಸರಿಸಿ ನೋಡಿ, “ಬದುಕಿದೆ” ಎಂದಳು. ಎಂದವಳೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಅಳು ನಿಂತ ಮೇಲೆ, “ಇನ್ನೊಂದು ತುಂಡು ಬಟ್ಟೆ ಇದ್ದರೆ ಕೊಡು” ಎಂದಳು. ಅದನ್ನು ಬಾನಿಯಲ್ಲಿ ಅದ್ದಿ ಎತ್ತಿದಳು. ಹೊರಬಂದಾಗ ಹಸಿರಾಗಿತ್ತು. ಗಾಳಿ ತಾಗುತ್ತಾ ತಾಗುತ್ತಾ ಅವನ ಕಣ್ಣ ಮುಂದೆಯೇ ನೀಲಿಯಾಯಿತು. ನೇಕಾರ ಬಾಯಿ ಬಿಟ್ಟುಕೊಂಡು ನೋಡಿದ. ಜನ್ಮವೆಲ್ಲ ಬಟ್ಟೆ ನೇಯ್ದವನು ಅದು ಬಣ್ಣವಾಗುವುದನ್ನು ಅಂದು ಮೊದಲು ಕಂಡ.

“ಇದು ನಂದೇ ಬಟ್ಟೇನಾ ಅಕ್ಕಾ?”

“ನಿಂದೇ. ಉಟ್ಕೊ ಹೋಗು.”

ಆಮೇಲೆ ನಡೆದದ್ದನ್ನು ಹೇಳಲು ನನಗೆ ಯಾರೂ ಹೇಳಿಕೊಟ್ಟಿಲ್ಲ. ಆದರೂ ಹೇಳುತ್ತೇನೆ. ನೇಕಾರ ನೀಲಿ ಉಟ್ಟು ಓಡಾಡಿದ್ದನ್ನು ಗಾಣಿಗ ತನ್ನ ತೂತಿನಿಂದ ಕಂಡ. ಒಂದು ತಂಬಿಗೆ ಎಣ್ಣೆ ತಂದ, ಒಂದು ನೀಲಿ ಪಂಚೆ ಒಯ್ದ. ಕುಂಬಾರ ಮಡಕೆ ತಂದ. ಒಬ್ಬೊಬ್ಬರಾಗಿ ಚೌಕಟ್ಟು ಕೆಳಗಿಟ್ಟರು. ಮನೆಯಿಂದ ಮನೆಗೆ, ತೂತಿನಿಂದ ತೂತಿಗೆ, ಬೀದಿಗೆ ಇಳಿಯದೆಯೇ ಊರಿನ ಆ ತುದಿಯಿಂದ ಈ ತುದಿಗೆ ಜನ ಹಾಯತೊಡಗಿದರು. ಗಾಣಿಗನ ಮನೆಯಲ್ಲಿ ಮೊದಲ ಸಲ ಪೇಟೆ ಕಾಣದ ಅವನದೇ ಎಣ್ಣೆಯ ಒಗ್ಗರಣೆ ಬಿತ್ತು. “ನವಿಲಿನ ಡಬ್ಬೀದಕ್ಕಿಂತ ಇದೇ ಘಮ್ಮಂತದೆ, ಯಾರದ್ದಿರಬಹುದು?” ಎಂದು ಅವನ ಹೆಂಡತಿ ಕೇಳಿದಳಂತೆ. ಒಬ್ಬರ ಒಲೆಯೂ ಆರಲಿಲ್ಲ. ಕಾದಾಡಿದ ಪೇಟೆಗಳೂ ರಾಜಿಯಾದ ಪೇಟೆಗಳೂ ನಮ್ಮನ್ನು ಮರೆತಿದ್ದ ಆ ದಿನಗಳಲ್ಲಿ ನಮ್ಮೂರು ಹೊಟ್ಟೆ ತುಂಬ ಉಂಡಿತು.

ಯಜಮಾನ ಮಾತ್ರ ಹಾಸಿಗೆ ಹಿಡಿದ. ಊರಿನಲ್ಲಿ ಒಂದು ಬಾಗಿಲೂ ತಿರುಗಿರಲಿಲ್ಲ. “ಬೆಳವಣಿಗೆ ಪೂರ್ತಿ ನಿಂತುಹೋಯ್ತಲ್ಲೋ” ಎಂದು ನನ್ನ ಮುಂದೆ ಗೋಳಾಡಿದ. ಹಾಗೆ ಗೋಳಾಡುವಾಗ ಅವನ ಕೈಯಲ್ಲಿ ಗಾಣಿಗನ ಎಣ್ಣೆಯಲ್ಲಿ ಕರಿದ ವಡೆ ಇತ್ತು.

ಅವನನ್ನು ಹಾಸಿಗೆಯಿಂದ ಎಬ್ಬಿಸಿದ್ದು ದಿಕ್ಕುಗಾರನ ಬೆರಳು. “ತೆಂಕಣಪೇಟೆ! ಈಗ ತೆಂಕಣಪೇಟೆ ಹಿಗ್ಗುತ್ತಾ ಇದೆ! ಅವರ ದೂತ ದಾರಿಯಲ್ಲಿದ್ದಾನೆ. ಅವರಿಗೆ ಬಿಳಿ ಬಟ್ಟೆ ಬೇಕಂತೆ, ಅಗಾಧವಾಗಿ ಬೇಕಂತೆ!”

ಯಜಮಾನ ವಡೆ ಎಸೆದು ಎದ್ದ. ನಾನು ಡಂಗುರ ಹೊಡೆದೆ. ಜನ ಮತ್ತೆ ಯೋಚಿಸಬಹುದು ಎಂದುಕೊಂಡಿರಾ? ಅವರ ಮುಖದಲ್ಲಿ ಕಂಡದ್ದು ನೆಮ್ಮದಿ. ಇಷ್ಟು ದಿನ ಏನೋ ತಪ್ಪು ಮಾಡುತ್ತಿದ್ದೇವೆ ಎಂಬ ಅಳುಕಿನಲ್ಲೇ ಉಂಡಿದ್ದರು. ಈಗ ಒಂದು ದಿಕ್ಕು ಸಿಕ್ಕಿತು. ತಲೆಯ ಮೇಲೆ ಬಟ್ಟೆ ಎಳೆದುಕೊಂಡರು, ಚೌಕಟ್ಟು ಎತ್ತಿಕೊಂಡರು. ನಿನ್ನೆ ಎಣ್ಣೆ ಕೊಟ್ಟವನನ್ನು ಇಂದು ಕಂಡರೂ ಕಾಣದ ಹಾಗೆ ಸುತ್ತತೊಡಗಿದರು.

ನೇಕಾರನ ಮನೆಯಲ್ಲಿದ್ದ ಬಿಳಿ ಬಟ್ಟೆಯಲ್ಲಿ ಅರ್ಧ ನೀಲಿಯಾಗಿತ್ತು. ದೂತ ಬರುವಷ್ಟರಲ್ಲಿ ಬಿಳಿ ಥಾನು ಒಟ್ಟಬೇಕಿತ್ತು. ಬಣ್ಣಗಾರ್ತಿ ತಗಚೆ ಬೀಜ ತರಲು ಹೊಲದ ಕಡೆ ಹೋಗಿದ್ದಳು. ಅವಳು ಹಿಂತಿರುಗಿದಾಗ ಮನೆಯೊಳಗೆ ಗಾಳಿ ಓಡಾಡುತ್ತಿತ್ತು. ತೂತಿಗೆ ಕಟ್ಟಿದ ಬಟ್ಟೆ ಇರಲಿಲ್ಲ. ಚಾಪೆ ಹಾರಿ ಮೂಲೆಯಲ್ಲಿ ಬಿದ್ದಿತ್ತು. ಬಾನಿಯ ನೊರೆ ಇಳಿದು ನೀರು ಹರಳೆಣ್ಣೆ ದೀಪದ ಕಾಡಿಗೆಯಂತೆ ಕಪ್ಪಾಗಿತ್ತು. ಅವಳು ಅದರಲ್ಲಿ ಒಂದು ದಾರ ಅದ್ದಿದಳು. ಎತ್ತಿದಳು. ಕಾದಳು. ದಾರ ನೀಲಿಯಾಗಲಿಲ್ಲ.

ಅವಳು ಎದುರಿನ ತೂತಿಗೆ ಹೋಗಿ ನಿಂತಳು. ನೇಕಾರ ಬಟ್ಟೆ ಮಡಿಸುತ್ತಿದ್ದ.

“ನೀನೇ ಕಟ್ಟಿದೆ, ನೀನೇ ಬಿಚ್ಚಿದೆಯಾ?”

ಅವನು ತಲೆಯ ಮೇಲಿನ ಬಟ್ಟೆಯನ್ನು ಇನ್ನಷ್ಟು ಎಳೆದುಕೊಂಡ. “ನನ್ನ ಬಟ್ಟೆ ತಾನೆ ಅಕ್ಕಾ. ತೆಂಕಣಪೇಟೆಯವರು ಬರ್ತಿದ್ದಾರೆ. ಇಂಥ ಕಾಲ ದಿನಾ ಬರುತ್ತಾ?”

“ನನ್ನನ್ನು ಒಂದು ಮಾತು ಕೇಳಿದ್ದರೆ ನನ್ನ ಸೀರೆ ಬಿಚ್ಚಿ ಕಟ್ಟಿಕೊಳ್ತಿದ್ದೆನಲ್ಲೋ.”

ಅವನು ಇನ್ನೊಂದು ಥಾನು ಮಡಿಸತೊಡಗಿದ. ಅವಳು ಬೈಯಲಿಲ್ಲ. ಅಷ್ಟು ಬಾಯಿಯವಳು ಅಂದು ಒಂದು ಬೈಗುಳವನ್ನೂ ಅವನ ಮೇಲೆ ಖರ್ಚು ಮಾಡಲಿಲ್ಲ.

ತೆಂಕಣದ ದೂತ ಬಂದ. ಹಾರ, ನೀರು, ಚಪ್ಪಾಳೆ. ಚಾವಡಿಯಲ್ಲಿ ನೇಕಾರನ ಥಾನನ್ನು ಬಿಚ್ಚಿ ಹಾಸಿದರು. ಬಿಳಿ, ಬಿಳಿ, ಬಿಳಿ. ದೂತ ಆಕಳಿಸುತ್ತಿದ್ದ. ಕೊನೆಯ ಮಡಿಕೆ ಬಿಚ್ಚಿದಾಗ ಅಂಚಿನಲ್ಲಿ ಗೇಣಗಲದ ನೀಲಿ ಕಂಡಿತು. ತೂತಿಗೆ ಕಟ್ಟಿದ್ದಾಗ ಬಾನಿಯ ಬಾಯಿಗೆ ತಾಗಿದ್ದ ಅಂಚು ಅದು. ದೂತ ಆಕಳಿಕೆ ಬಿಟ್ಟು ಬಗ್ಗಿದ. ಬೆರಳಲ್ಲಿ ಉಜ್ಜಿ ನೋಡಿದ.

“ಬಿಳಿ ಎಲ್ಲಾದರೂ ಸಿಗುತ್ತದೆ. ಇದು ಯಾರ ಕೈಯದು? ನಮಗೆ ಇದೇ ಬೇಕು.”

ಯಜಮಾನ ಎಲ್ಲರಿಗಿಂತ ಮುಂದೆ ಓಡಿದ. ಪಂಚೆ ಕಾಲಿಗೆ ತೊಡರುತ್ತಿತ್ತು. ಬಣ್ಣಗಾರ್ತಿ ಒಳಗೆ ನೆಲ ಅಗೆದು ಬಾನಿಯ ಕಪ್ಪು ನೀರನ್ನು ಮೊಗೆದು ಚೆಲ್ಲುತ್ತಿದ್ದಳು.

“ಅವ್ವಾ, ತಾಯೀ, ನಿನ್ನ ಬಾನಿ!”

“ಸತ್ತಿದೆ. ಮೈ ತೊಳೆದು ಕಳಿಸ್ತಾ ಇದ್ದೀನಿ. ಬಂದದ್ದು ಒಳ್ಳೇದಾಯ್ತು, ಒಂದು ಕೈ ಹಿಡೀರಿ.”

ದೂತ ಚಾವಡಿಯ ಮೆಟ್ಟಿಲಿಳಿಯುತ್ತಾ ಪಕ್ಕದ ಊರಿಗೆ ದಾರಿ ಯಾವುದು ಎಂದು ಕೇಳಿದ. ನಾವೇ ತೋರಿಸಿದೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನಮ್ಮದು ಬಾಯಿಗೆ ಬಂದ ತುತ್ತನ್ನು ಉಗಿದು, ಅದನ್ನು ತಟ್ಟೆಯಲ್ಲಿ ಹುಡುಕುವ ಜಾತಿ. ಆದರೂ ತಿರುವು ಮುಗಿಸಿದೆವು. ಎಲ್ಲರ ಬಾಗಿಲೂ ತೆಂಕಣಕ್ಕೆ ಕೂತವು. ಮೂಡಣಕ್ಕೂ ಪಡುವಣಕ್ಕೂ ತೂತು ಕೊರೆದು ಮುಚ್ಚಿದ ಗೋಡೆಗಳು, ಮೂರನೆಯ ತೂತಿಗೆ ಅಲ್ಲಲ್ಲಿ ಕುಸಿದು ಕೂತವು. ಆ ವರ್ಷದ ಬೆಳವಣಿಗೆ ಊರಿನ ಚರಿತ್ರೆಯಲ್ಲೇ ದೊಡ್ಡದು ಎಂದು ನಾನು ಮೂರು ಬೀದಿಯಲ್ಲೂ ಸಾರಿದೆ. ತೆಂಕಣಪೇಟೆಯಿಂದ ಒಂದು ಗಾಡಿಯೂ ಬರಲಿಲ್ಲ.

ಒಂದು ಬಾಗಿಲು ಮಾತ್ರ ಕೂರಲಿಲ್ಲ. ಗಾರೆಯವನು ಬಣ್ಣಗಾರ್ತಿಯ ಮನೆಗೆ ಹೋದಾಗ ಅವಳು ಚೌಕಟ್ಟನ್ನೂ ಬಾಗಿಲನ್ನೂ ಕೊಡಲಿಯಿಂದ ಸೀಳಿ ಸೌದೆ ಮಾಡಿ ಒಟ್ಟಿದ್ದಳು. ಹಲಸಿನ ಮರದ ಹಳೆಯ ಬಾಗಿಲು ಅದು, ಅವಳ ಅಜ್ಜಿಯ ಅಜ್ಜಿಯ ಅರಿಸಿನ ಅದರಲ್ಲಿ ಇಳಿದಿತ್ತು. ಒಡೆದ ನೀಲಿ ಇಟ್ಟಿಗೆಗಳನ್ನು ಹೆಕ್ಕಿ ಪಡುವಣ ಗೋಡೆಯನ್ನು ತಾನೇ ಕಟ್ಟಿ ಮುಚ್ಚಿದ್ದಳು. ಕುಂಬಾರ ಕಳ್ಳತನದಿಂದ ಕೊಟ್ಟ ಹೊಸ ಬಾನಿಯನ್ನು ಅದೇ ಗುಂಡಿಯಲ್ಲಿ ಹೂತು, ಬಾಗಿಲಿನ ಸೌದೆಯ ಕೆಂಡವನ್ನು ಸುತ್ತಲೂ ಹೊಟ್ಟಿನಲ್ಲಿ ಹುದುಗಿಸಿ ಕಾವು ಕೊಡುತ್ತಿದ್ದಳು. ಮೂಡಣದ ಹಳೆಯ ತೂತು ಹಾಗೇ ಬಾಯ್ತೆರೆದಿತ್ತು. ಅದಕ್ಕೊಂದು ಗೋಣಿ ಇಳಿಬಿಟ್ಟಿದ್ದಳು, ಅಷ್ಟೇ.

ಬಾಗಿಲಿಲ್ಲದ್ದು ಮನೆಯಲ್ಲ ಎಂದು ಯಜಮಾನ ತೀರ್ಪು ಕೊಟ್ಟ. ಅಂದಿನಿಂದ ಅವಳ ಮನೆಯನ್ನು ಊರಿನ ಲೆಕ್ಕದಿಂದ ತೆಗೆದರು. ಅವಳಿಗೆ ತಿಳಿಸಲು ನನ್ನನ್ನು ಕಳಿಸಿದರು. ಹೇಳಿದೆ. “ಸರಿಯಪ್ಪಾ, ಹೋಗುವಾಗ ಆ ಗೋಣಿ ಎಳೆದು ಹೋಗು, ಗಾಳಿ ಬರುತ್ತೆ” ಎಂದಳು.

ಒಂದು ಚಳಿಗಾಲ ಕಳೆಯಿತು. ಊರು ಸೊರಗಿತು. ನೇಕಾರನ ಮನೆಯಲ್ಲಿ ಬಿಳಿ ಥಾನುಗಳು ಸೂರಿನವರೆಗೆ ಒಟ್ಟಿದ್ದವು. ಒಂದು ಬೆಳಿಗ್ಗೆ ದಿಕ್ಕುಗಾರ ನನ್ನನ್ನು ಬುರುಜಿಗೆ ಕರೆದು ಸಾರಬೇಕಾದ ಮಾತನ್ನು ಹೇಳಿಕೊಟ್ಟ. ನಾನು ಡಂಗುರವನ್ನು ಹೆಗಲಿಗೆ ಹಾಕಿಕೊಂಡು ಬಣ್ಣಗಾರ್ತಿಯ ಬೀದಿಗೆ ಬಂದೆ.

ಅವಳ ಮನೆಯ ಮುಂದೆ ನೇಕಾರ ನಿಂತಿದ್ದ. ಕಂಕುಳಲ್ಲಿ ಒಂದು ಥಾನು ಬಿಳಿ ಬಟ್ಟೆ. ಮುಖದ ಮೇಲೆ ಬಟ್ಟೆ ಇರಲಿಲ್ಲ. ಎದುರಿಗೆ ಗೋಣಿ ಅರ್ಧ ಸರಿದು ತೂತು ತೆರೆದೇ ಇತ್ತು. ಒಳಗೆ ಅವಳು ಕೂತದ್ದು ಕಾಣುತ್ತಿತ್ತು. ಆದರೂ ಅವನು ಗೋಡೆಯನ್ನು ಎಡಕ್ಕೂ ಬಲಕ್ಕೂ ತಡವುತ್ತಾ, ಎಲ್ಲಿ ತಟ್ಟಬೇಕೆಂದು ಹುಡುಕುತ್ತಿದ್ದ.

“ಬಾಗಿಲೆಲ್ಲಿ ಅಕ್ಕಾ?” ಎಂದ.

“ಉರಿಸಿಬಿಟ್ಟೆ. ಒಳಗೆ ಬಾ.”

“ಬಾಗಿಲಿಲ್ಲದೆ ಹೆಂಗೆ ಬರೋದು?”

“ಕಾಲಿಂದ. ಒಂದಾದ ಮೇಲೆ ಒಂದು ಎತ್ತಿಡು.”

ನೇಕಾರ ಒಂದು ಕಾಲು ಎತ್ತಿದ. ಆಗ ಅವನ ಕಣ್ಣು ನನ್ನ ಹೆಗಲ ಡಂಗುರದ ಮೇಲೆ ಬಿತ್ತು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ನಾನಿನ್ನೂ ಕೋಲನ್ನು ಮುಟ್ಟಿರಲಿಲ್ಲ.

“ಯಾವ ದಿಕ್ಕಣ್ಣಾ?” ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಬಟ್ಟೆಯನ್ನು ಅಲ್ಲೇ ಬಿಸುಟು ಓಡಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೇನೆ. ಇವನು ಎತ್ತು ಎನ್ನುವ ಮೊದಲೇ ಹಗ್ಗ ತರಲು ಹೋದ. ಅವನು ಚೌಕಟ್ಟು ಕೀಳುವುದನ್ನು ಗಾಣಿಗ ಕಂಡ, ಗಾಣಿಗ ಕೀಳುವುದನ್ನು ಕುಂಬಾರ ಕಂಡ. ನೋಡುನೋಡುತ್ತಾ ಊರೆಲ್ಲ ತಲೆಯ ಮೇಲೆ ಬಟ್ಟೆ ಎಳೆದುಕೊಂಡು, ಚೌಕಟ್ಟು ಹೊತ್ತು, ಯಾವ ಗೋಡೆ ಒಡೆಯಬೇಕೆಂದು ಒಬ್ಬನಿಗೂ ಗೊತ್ತಿಲ್ಲದೆ ಮನೆ ಸುತ್ತತೊಡಗಿತು. ಯಜಮಾನನೂ ಸುತ್ತುತ್ತಿದ್ದ. ಬುರುಜಿನಿಂದ ಇಳಿದ ದಿಕ್ಕುಗಾರನೂ ಅದನ್ನು ಕಂಡು, ತಾನೇ ಹೇಳಿಕೊಟ್ಟ ಮಾತನ್ನು ಮರೆತು, ತನ್ನ ಚೌಕಟ್ಟು ಹೊತ್ತ.

ಬಣ್ಣಗಾರ್ತಿ ಹೊರಗೆ ಬಂದು ನೇಕಾರ ಬಿಸುಟ ಬಟ್ಟೆಯನ್ನು ಎತ್ತಿ ಧೂಳು ಕೊಡವಿದಳು.

“ಏನು ಸಾರೋಕೆ ಬಂದಿದ್ದೆ?” ಎಂದು ಕೇಳಿದಳು.

“ಈ ಸಲ ಯಾರೂ ಬಾಗಿಲು ತಿರುಗಿಸೋದು ಬೇಡ ಅಂತ.”

ಅವಳು ನಕ್ಕಳು. ಬಹಳ ಹೊತ್ತು ನಕ್ಕಳು. ಆಮೇಲೆ ಬಟ್ಟೆಯನ್ನು ಒಳಗೆ ಒಯ್ದು ಬಾನಿಯ ಮೇಲಿನ ಚಾಪೆ ಸರಿಸಿದಳು. ತಾಮ್ರದ ಬಣ್ಣದ ನೊರೆ ಎದ್ದಿತ್ತು.